ಎಳೆ, ಸುರಿ, ಬಡಿ: ತಮ್ಮನ ಮಗಳಿಗೆ ನಾನು ಉಡುಗೊರೆ ಆರಿಸಿದ ಬಗೆ

ಎರಡು ವರ್ಷದ ಹಿಂದೆ ಜೂನ್ ತಿಂಗಳ ಕೊನೆಯಲ್ಲಿ ಕ್ಯಾತ್ಸಂದ್ರದಿಂದ ತಮ್ಮ ಫೋನ್ ಮಾಡಿದ. “ಅಕ್ಕಾ, ಆಷಾಢದಲ್ಲಿ ಪುಟ್ಟಿಗೆ ಐದು ತುಂಬುತ್ತದೆ. ಈ ಸಲ ಒಂದು ಕಡೆ ಕೂತು ಆಡುವಂಥದ್ದು ಏನಾದರೂ ತಾ. ನಮ್ಮ ಕೈಲಿ ಆಗುತ್ತಿಲ್ಲ” ಎಂದ.

ಅವನ ಕಷ್ಟ ನನಗೆ ಗೊತ್ತು. ಪುಟ್ಟಿ ಕಣ್ಣು ಬಿಟ್ಟ ಗಳಿಗೆಯಿಂದ ಆ ಮನೆಯಲ್ಲಿ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ. ಅವಳು ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಬೆಳಗಿನ ಹಾಲು ಆರಿ ಕೆನೆಗಟ್ಟಿರುತ್ತದೆ. ತಮ್ಮನ ಹೆಂಡತಿ ತುತ್ತು ಹಿಡಿದು ಅಂಗಳವೆಲ್ಲ ಸುತ್ತಿ ಸೋತಿದ್ದಳು. ಆದರೂ ನಾನು ಹೂಂ ಎನ್ನಲಿಲ್ಲ. ಹತ್ತೊಂಬತ್ತು ವರ್ಷದಿಂದ ತುಮಕೂರಿನಲ್ಲಿ ಎಲ್‌ಕೆಜಿ ಮಕ್ಕಳ ಜೊತೆ ಇದ್ದೇನೆ. ಕುಣಿಯುವ ಮಗುವನ್ನು ಕೂರಿಸಲೆಂದು ತಂದ ವಸ್ತು ಮನೆಯ ದೊಡ್ಡವರಿಗೆ ತಂದ ಉಡುಗೊರೆ ಎಂದೇ ನನ್ನ ಲೆಕ್ಕ.

ಅದರ ಹಿಂದಿನ ವರ್ಷ ನಾನೇ ಎಡವಿದ್ದೆ. ಪೇಟೆ ಬೀದಿಯಲ್ಲಿ ಹೋಗುತ್ತಿದ್ದಾಗ ಕಣ್ಣಿಗೆ ಬಿದ್ದ ಹಾಡುವ ಕಾರೊಂದನ್ನು ಕೊಂಡುಕೊಂಡು ಹೋಗಿದ್ದೆ. ಗುಂಡಿ ಒತ್ತಿದರೆ ದೀಪ ಮಿನುಗುತ್ತಿತ್ತು, ಮೂರು ಹಾಡು ಬರುತ್ತಿದ್ದವು. ಸಂಜೆಯ ಹೊತ್ತಿಗೆ ಮೂರೂ ಹಾಡು ಪುಟ್ಟಿಗೆ ಬಾಯಿಪಾಠವಾಗಿದ್ದವು. ಮೂರನೆಯ ದಿನ ಚಮಚದ ಹಿಡಿಯಿಂದ ಅದರ ಹೊಟ್ಟೆ ಬಗೆದು, ಒಳಗಿದ್ದ ನಾಣ್ಯದಂಥ ಬ್ಯಾಟರಿಯನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಿಯ ಮುಂದೆ ನಿಂತಿದ್ದಳಂತೆ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಅಂಥ ಬ್ಯಾಟರಿ ಗಂಟಲಿಗೆ ಇಳಿದು ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ಬ್ಯಾಟರಿ ಗೂಡಿಗೆ ಸ್ಕ್ರೂ ಇದೆಯೇ ಎಂದು ನಾನು ನೋಡಿರಲಿಲ್ಲ. ಡಬ್ಬದ ಮೇಲೆ ಐಎಸ್‌ಐ ಗುರುತು ಇದೆಯೇ ಎಂದೂ ನೋಡಿರಲಿಲ್ಲ. 2021ರಿಂದ ನಮ್ಮ ದೇಶದಲ್ಲಿ ಕಾರ್ಖಾನೆಯ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಈಗ ಏನೇ ಕೈಗೆತ್ತಿಕೊಂಡರೂ ಈ ಎರಡನ್ನು ಮೊದಲು ನೋಡುತ್ತೇನೆ, ಬೆಲೆಯನ್ನು ಆಮೇಲೆ.

ತಮ್ಮನ ಫೋನ್ ಬಂದ ಮೇಲೆ ಎರಡು ಭಾನುವಾರ ಅವರ ಮನೆಗೆ ಹೋಗಿ ಉಳಿದೆ. ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಪುಟ್ಟಿಗೆ ಏನು ಇಷ್ಟ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಮಕ್ಕಳು ಹಿಂದಿನ ದಿನ ಟಿವಿಯಲ್ಲಿ ಕಂಡದ್ದನ್ನು ಹೇಳುತ್ತಾರೆ. ಅವಳು ಮಾಡುವುದನ್ನು ನೋಡುತ್ತ ಬರೀ ಕ್ರಿಯಾಪದಗಳನ್ನು ಬರೆದುಕೊಂಡೆ: ಹತ್ತಿದಳು, ಎಳೆದಳು, ಕಟ್ಟಿದಳು, ಇಳಿಬಿಟ್ಟಳು, ಎಳೆದಳು, ಅಡಗಿದಳು, ಎಳೆದಳು. ಎರಡನೆಯ ಭಾನುವಾರ ಸಂಜೆ ಹಾಳೆ ತೆಗೆದು ನೋಡಿದರೆ ‘ಎಳೆದಳು’ ಎಂಬ ಮಾತೇ ಅರ್ಧ ಪುಟ ತುಂಬಿತ್ತು. ಅಮ್ಮನ ವೇಲನ್ನು ಕುರ್ಚಿಗೆ ಕಟ್ಟಿ ಎಳೆಯುತ್ತಿದ್ದಳು, ಉದುರಿದ ತೆಂಗಿನ ಗರಿಯ ಮೇಲೆ ಚೆಂಬನ್ನು ಕೂರಿಸಿ ಎಳೆಯುತ್ತಿದ್ದಳು, ಬಾಲ್ಕನಿಯಿಂದ ದಾರ ಇಳಿಬಿಟ್ಟು ಚಪ್ಪಲಿಯನ್ನು ಮೇಲಕ್ಕೆಳೆಯಲು ನೋಡುತ್ತಿದ್ದಳು. ದೊಡ್ಡವರ ಕಣ್ಣಿಗೆ ಅದೆಲ್ಲ ಚೇಷ್ಟೆ. ಬರೆದಿಟ್ಟು ನೋಡಿದಾಗ ಆ ಮಗು ಎಡೆಬಿಡದೆ ಒಂದೇ ಕೆಲಸದ ಬೆನ್ನು ಹತ್ತಿತ್ತು.

ನರ್ಸರಿ ತರಬೇತಿಯಲ್ಲಿ ಓದಿದ ಫ್ರೋಬೆಲ್ ಆಗ ನೆನಪಿಗೆ ಬಂದರು. ಕಿಂಡರ್‌ಗಾರ್ಟನ್ ಎಂಬ ಹೆಸರನ್ನೇ ಕೊಟ್ಟ ಜರ್ಮನಿಯ ಶಿಕ್ಷಣತಜ್ಞ ಅವರು. 1837ರ ಸುಮಾರಿಗೆ ಮಕ್ಕಳಿಗಾಗಿ ಅವರು ರೂಪಿಸಿದ ಆಟದ ವಸ್ತುಗಳಿಗೆ ‘ಉಡುಗೊರೆಗಳು’ ಎಂದೇ ಹೆಸರಿಟ್ಟಿದ್ದರು. ಮೊದಲನೆಯ ಉಡುಗೊರೆ ಏನು ಗೊತ್ತೇ? ದಾರ ಕಟ್ಟಿದ, ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು, ಅಷ್ಟೇ. ತೂಗಬಹುದು, ಎಳೆಯಬಹುದು, ಬಚ್ಚಿಡಬಹುದು, ಗಿರ್ರನೆ ತಿರುಗಿಸಬಹುದು. ಚೆಂಡು ತಾನಾಗಿ ಏನನ್ನೂ ಮಾಡುವುದಿಲ್ಲ, ಎಲ್ಲವನ್ನೂ ಮಗುವೇ ಮಾಡಬೇಕು. ನನ್ನ ಹಾಡುವ ಕಾರು ಎಲ್ಲವನ್ನೂ ತಾನೇ ಮಾಡುತ್ತಿತ್ತು, ಪುಟ್ಟಿಗೆ ಉಳಿದದ್ದು ಗುಂಡಿ ಒತ್ತುವ ಕೆಲಸ ಮಾತ್ರ.

ಹಾಗಾಗಿ ಐದನೆಯ ಹುಟ್ಟುಹಬ್ಬಕ್ಕೆ ನಾನು ಹೋದದ್ದು ಹಾರ್ಡ್‌ವೇರ್ ಅಂಗಡಿಗೆ. ಒಂದು ಸಣ್ಣ ಕಬ್ಬಿಣದ ರಾಟೆ, ಕಿರುಬೆರಳ ಗಾತ್ರದ ಹತ್ತಿಯ ಹಗ್ಗ, ಮೇದರ ಅಂಗಡಿಯಿಂದ ಒಂದು ಬಿದಿರಿನ ಬುಟ್ಟಿ ತಂದೆ. ಹಗ್ಗದ ವಿಷಯದಲ್ಲಿ ಅಂಗಡಿಯವರ ಜೊತೆ ಸ್ವಲ್ಪ ಚರ್ಚೆಯೇ ಆಯಿತು. ಅವರು ನೈಲಾನ್ ಗಟ್ಟಿ ಎಂದರು. ಆದರೆ ಜಾರಿದಾಗ ನೈಲಾನ್ ಅಂಗೈಯನ್ನು ಸುಡುತ್ತದೆ. ನಮ್ಮ ತಿಪಟೂರು ಸೀಮೆಯ ನಾರಿನ ಹಗ್ಗ ಎಷ್ಟು ಒಳ್ಳೆಯದಾದರೂ ಎಳೆಯ ಚರ್ಮಕ್ಕೆ ಚುಚ್ಚುತ್ತದೆ. ಹತ್ತಿಯದು ಕೊಳೆಯಾಗುತ್ತದೆ, ಒಗೆದರಾಯಿತು. ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ.

ರಾಟೆಯನ್ನು ಮೇಲಿನ ಬಾಲ್ಕನಿಯ ಕಂಬಿಗೆ ತಮ್ಮನೇ ಬಿಗಿದ. ನನ್ನ ಷರತ್ತು ಎರಡು: ಪುಟ್ಟಿ ಯಾವಾಗಲೂ ಕೆಳಗೆ ನೆಲದ ಮೇಲೆ ನಿಂತೇ ಎಳೆಯಬೇಕು, ಬುಟ್ಟಿಯ ಅಡಿಯಲ್ಲಿ ನಿಲ್ಲಬಾರದು. ಸೀಮೆಸುಣ್ಣದಿಂದ ನೆಲಕ್ಕೆ ಒಂದು ಗೆರೆ ಎಳೆದೆವು, ಆ ಗೆರೆಯ ಆಚೆ ಅವಳ ಜಾಗ. ಹಗ್ಗವನ್ನು ಕುತ್ತಿಗೆಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳುವ ಹಾಗಿಲ್ಲ, ಆಟ ಮುಗಿದ ಮೇಲೆ ಅದನ್ನು ಕಳಚಿ ದೊಡ್ಡವರು ಎತ್ತಿಡಬೇಕು. ಬುಟ್ಟಿಗೆ ಹಗುರವಾದದ್ದು ಮಾತ್ರ.

ಮೇಲೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವವರು ನಮ್ಮ ಅಮ್ಮ. ಮಂಡಿನೋವಿನಿಂದ ಅವರು ಬೆಳಿಗ್ಗೆ ಕೆಳಗಿಳಿಯುವುದಿಲ್ಲ. ಮೊದಲ ದಿನ ಪುಟ್ಟಿ ಅವರಿಗೆ ಪತ್ರಿಕೆ ಕಳಿಸಿದಳು, ಆಮೇಲೆ ಕನ್ನಡಕ, ಆಮೇಲೆ ಅವರೆಕಾಯಿಯ ಬದಲಿಗೆ ಹೊಂಗೆಕಾಯಿ. “ಅಜ್ಜೀ, ಅವರೆ ಬಂತು, ಸುಲಿ” ಎಂದು ಕೆಳಗಿನಿಂದ ಕೂಗು. ಅಮ್ಮ ಹೊಂಗೆಕಾಯಿಯನ್ನೇ ಸುಲಿದಂತೆ ಮಾಡಿ, ಬುಟ್ಟಿಗೆ ಒಂದು ಚೂರು ಕೊಬ್ಬರಿ ಹಾಕಿ ಕೆಳಗಿಳಿಸಿದರು. ವಾರದೊಳಗೆ ಅದು ಅಂಗಡಿಯಾಯಿತು, ಗಣಿಯಾಯಿತು, ಒಂದು ಮಳೆಯ ದಿನ ಪ್ರವಾಹದಲ್ಲಿ ಸಿಕ್ಕಿಕೊಂಡ ಬೆಕ್ಕಿನ ಬೊಂಬೆಯನ್ನು ಎತ್ತುವ ಹೆಲಿಕಾಪ್ಟರ್ ಆಯಿತು. ಹೆಲಿಕಾಪ್ಟರ್ ಆಗು ಎಂದು ರಾಟೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊತ್ತುಹೊತ್ತಿಗೆ ಒಂದೊಂದು ಕತೆ ಬೇಕೆಂದು ಅವಳೇ ಕಟ್ಟಿಕೊಂಡಳು. ತಿಂಗಳ ಕೊನೆಗೆ ತಮ್ಮ ಫೋನ್ ಮಾಡಿ, ಅವಳು ಓಡುವುದೇನೂ ಕಡಿಮೆಯಾಗಿಲ್ಲ, ಆದರೆ ಈಗ ಓಡುವುದಕ್ಕೆ ಒಂದು ಕೆಲಸವಿದೆ ಎಂದ. ಅವನ ದನಿಯಲ್ಲಿ ದಣಿವು ಇಳಿದಿತ್ತು.

ನಾಲ್ಕು ತಿಂಗಳ ಮೇಲೆ ದೀಪಾವಳಿಗೆ ಹೋದಾಗ ಇನ್ನೊಂದು ರಾಟೆ ಕೊಟ್ಟೆ. ಅದನ್ನು ಬುಟ್ಟಿಗೇ ಸಿಕ್ಕಿಸಿ, ಹಗ್ಗದ ತುದಿಯನ್ನು ಮೇಲಿನ ಕಂಬಿಗೆ ಕಟ್ಟಿದೆವು. ಪುಟ್ಟಿ ಎಳೆದು ನೋಡಿ ನಿಂತುಬಿಟ್ಟಳು. “ಅತ್ತೇ, ಬುಟ್ಟಿ ಹಗುರವಾಗಿದೆ. ಆದರೆ ಎಷ್ಟು ಎಳೆದರೂ ಬೇಗ ಮೇಲೆ ಹೋಗುವುದಿಲ್ಲ.” ಬುಟ್ಟಿಯ ಜೊತೆಗೆ ಚಲಿಸುವ ರಾಟೆ ಇದ್ದರೆ ಬೇಕಾದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎಳೆಯಬೇಕಾದ ಹಗ್ಗ ಎರಡರಷ್ಟಾಗುತ್ತದೆ. ಪ್ರೌಢಶಾಲೆಯಲ್ಲಿ ನಾನು ಉರು ಹೊಡೆದು ಬರೆದದ್ದನ್ನು ಐದು ವರ್ಷದ ಕೈ ತಾನಾಗಿ ಹೇಳಿತು. ನಾನು ವಿವರಿಸಲು ಹೋಗಲಿಲ್ಲ, “ಹೌದಲ್ಲವೇ?” ಎಂದಷ್ಟೇ ಅಂದೆ.

ಆರನೆಯ ವರ್ಷಕ್ಕೆ ನೋಟ್‌ಬುಕ್ಕಿನಲ್ಲಿ ಮಾತು ಬದಲಾಗಿತ್ತು. ‘ಸುರಿದಳು’ ಬಂದಿತ್ತು. ಲೋಟದಿಂದ ಲೋಟಕ್ಕೆ, ಚೆಂಬಿನಿಂದ ಬಕೆಟ್ಟಿಗೆ, ಒಮ್ಮೆ ಅಪ್ಪನ ಬೂಟಿಗೆ. ನೀರಿಗೆ ಲೆಕ್ಕವಿಟ್ಟು ಬದುಕುವ ನಮ್ಮ ಊರಿನಲ್ಲಿ ಇದು ಎಲ್ಲರನ್ನೂ ರೇಗಿಸುವ ಆಟ. ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ ಅವಳದು, ಅದು ಕೊನೆಗೆ ಕರಿಬೇವಿನ ಗಿಡಕ್ಕೇ ಸೇರಬೇಕು ಎಂದು ಮೊದಲೇ ಒಪ್ಪಂದವಾಯಿತು. ಎರಡು ಲಾಳಿಕೆ, ಸೌಟುಗಳು, ಅಳತೆಯ ಡಬ್ಬಿಗಳ ಜೊತೆಗೆ ನಾಲ್ಕು ಮೀಟರ್ ಪಾರದರ್ಶಕ ಪೈಪನ್ನೂ ತಂದೆ. ಗಾರೆಯವರು ಮಟ್ಟ ನೋಡಲು ಬಳಸುತ್ತಾರಲ್ಲ, ಅದೇ ಲೆವೆಲ್ ಪೈಪು.

ಆ ಪೈಪು ಮಾಡಿದ ಮೋಡಿಯನ್ನು ಹೇಳಲೇಬೇಕು. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಹಿಡಿದು ತುಳಸಿಕಟ್ಟೆಯ ಬಳಿಗೆ ಹೋದೆ. ನಡುವೆ ಪೈಪು ಹಾವಿನಂತೆ ನೆಲದ ಮೇಲೆ ಬಿದ್ದಿತ್ತು. ನನ್ನ ತುದಿಯನ್ನು ಎತ್ತಿದರೂ ಇಳಿಸಿದರೂ ಎರಡು ಕಡೆಯ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಅವಳು ತನ್ನ ತುದಿಯ ನೀರಿನ ಗೆರೆಯನ್ನೇ ನೋಡುತ್ತ ಉಸಿರು ಹಿಡಿದಿದ್ದಳು. ಓಡುವ ಹುಡುಗಿ ಅಲ್ಲಾಡದೆ ನಿಂತದ್ದನ್ನು ನಾನು ಕಂಡದ್ದು ಆವತ್ತೇ. “ಅತ್ತೇ, ಅಲ್ಲಿ ಎಷ್ಟು ಎತ್ತರವಿದೆ ಎಂದು ಇಲ್ಲಿಯ ನೀರಿಗೆ ಹೇಗೆ ಗೊತ್ತಾಗುತ್ತದೆ?” ಎಂದಳು. ಆಮೇಲೆ ಎರಡು ವಾರ ಮನೆಯ ಕಿಟಕಿಗಳೆಲ್ಲ ಸಮವಾಗಿವೆಯೇ ಎಂಬ ತಪಾಸಣೆ ನಡೆಯಿತು. ಅಡುಗೆಮನೆಯ ಕಿಟಕಿ ಒಂದು ಬೆರಳು ಓರೆಯಾಗಿದೆ ಎಂದು ಪತ್ತೆ ಹಚ್ಚಿದ್ದು ಅವಳೇ.

ಅದರ ಜೊತೆಗೆ ಒಂದು ಕಾಗದವನ್ನೂ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದೆ: ‘ಭಾನುವಾರ ನದಿ ಹುಟ್ಟುವ ಬೆಟ್ಟಕ್ಕೆ.’ ದೇವರಾಯನದುರ್ಗ ತುಮಕೂರಿನಿಂದ ಹದಿನೈದು ಕಿಲೋಮೀಟರ್ ಆಚೀಚೆ. ದಾರಿಯಲ್ಲಿ ನಾಮದ ಚಿಲುಮೆ. ನಾಮವಿಟ್ಟುಕೊಳ್ಳಲು ನೀರು ಸಿಗದೆ ಶ್ರೀರಾಮ ಬಂಡೆಗೆ ಬಾಣ ಬಿಟ್ಟನೆಂಬ ಕತೆಯನ್ನು ಅವಳು ಆ ಒರತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು. ದುರ್ಗದ ಮೇಲೆ ನಿಂತು ನಾನು, “ಶಿಂಷಾ ಇಲ್ಲಿ ಹುಟ್ಟಿ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ, ಜಯಮಂಗಲಿಯೂ ಇಲ್ಲೇ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ” ಎಂದೆ. ಪುಟ್ಟಿ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬಂಡೆಯ ಈ ಬದಿಗೆ ಅರ್ಧ, ಆ ಬದಿಗೆ ಅರ್ಧ ಸುರಿದು, “ನೀನು ಕಾವೇರಿಗೆ ಹೋಗು, ನೀನು ಆ ಕಡೆ ಹೋಗು” ಎಂದು ಕೈ ಬೀಸಿ ಕಳಿಸಿದಳು. ಆ ದಿನಕ್ಕೆ ನಮಗಾದ ಖರ್ಚು ಪೆಟ್ರೋಲು ಮತ್ತು ಬುತ್ತಿ.

ನಡುನಡುವೆ ಸಣ್ಣಪುಟ್ಟದ್ದನ್ನೂ ಕೊಟ್ಟಿದ್ದೇನೆ. ಮದ್ದು ಕೆರೆದ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಂದ ಮನೆ, ಸೇತುವೆ ಕಟ್ಟುವುದನ್ನು ದೇಶದ ಮಕ್ಕಳಿಗೆಲ್ಲ ಕಲಿಸಿದವರು ಅರವಿಂದ ಗುಪ್ತಾ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆರು ದಾಟಿದ ಮಗುವಿಗೆ ಇದು ಚೆನ್ನ. ಪುಟ್ಟ ತಮ್ಮನೋ ತಂಗಿಯೋ ತೆವಳುತ್ತಿರುವ ಮನೆಗೆ ಬೇಡ, ಚೂರುಗಳು ಬಾಯಿಗೆ ಹೋಗುತ್ತವೆ. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ನಾನು ಐದಕ್ಕೇ ಕೊಟ್ಟುಬಿಟ್ಟಿದ್ದೆ. ಜಾಟಿ ಸುತ್ತಲು ಬಾರದೆ ಅವಳು ಅತ್ತಳು. ಒಂದು ವರ್ಷ ತಡೆಯಬೇಕಿತ್ತು. ಗಾಳಿಪಟಕ್ಕೆ ಮಾತ್ರ ಆಷಾಢದ ಹುಟ್ಟುಹಬ್ಬ ಹೇಳಿ ಮಾಡಿಸಿದಂತಿದೆ. ಪತ್ರಿಕೆಯ ಕಾಗದ, ತೆಂಗಿನ ಕಡ್ಡಿ, ಅನ್ನದ ಅಂಟು, ಹತ್ತಿಯ ನೂಲು ಸಾಕು. ಗಾಜಿನ ಪುಡಿ ಸವರಿದ ಮಾಂಜಾ ದಾರ ನಮ್ಮ ಮನೆಯ ಬಾಗಿಲು ದಾಟುವುದಿಲ್ಲ.

ಬಂಧುಗಳು ಏನು ತರಲಿ ಎಂದು ಕೇಳಿದರೆ ತಮ್ಮನ ಹೆಂಡತಿ ಈಗ ನನ್ನ ನೋಟ್‌ಬುಕ್ಕಿನ ಆ ವರ್ಷದ ಮಾತನ್ನೇ ಹೇಳುತ್ತಾಳೆ. “ಅವಳು ಈಗ ಸುರಿಯುತ್ತಿದ್ದಾಳೆ” ಎಂದಾಗ ದೊಡ್ಡಪ್ಪ ಒಬ್ಬರು ಹಳೆಯ ಹಿತ್ತಾಳೆ ಗಿಂಡಿ ತಂದುಕೊಟ್ಟರು. ಬಂದ ಉಡುಗೊರೆಗಳಲ್ಲಿ ಇವತ್ತಿಗೂ ಬಳಕೆಯಲ್ಲಿ ಉಳಿದದ್ದು ಅದು.

ಈ ಆಷಾಢಕ್ಕೆ ಏಳು. ಹೋದ ಭಾನುವಾರ ಬರೆದುಕೊಂಡದ್ದು ನನ್ನ ಮುಂದಿದೆ: ‘ಬಡಿದಳು’ ಒಂಬತ್ತು ಸಲ. ನೀರಿನ ಡ್ರಮ್ಮು, ಮರದ ಬಾಗಿಲು, ಖಾಲಿ ಸಿಲಿಂಡರ್, ಹಲಸಿನಹಣ್ಣು. ಬರೀ ಬಡಿಯುವುದಲ್ಲ, ಬಡಿದು ಕಿವಿಯಿಟ್ಟು ಕೇಳುತ್ತಾಳೆ. ಮಗುವಿನ ಕೈಗೆ ಹಿಡಿಯುವಷ್ಟು ಸಣ್ಣ ತಮಟೆ ಮಾಡಿಕೊಡುವವರನ್ನು ಹುಡುಕುತ್ತಿದ್ದೇನೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯವದು. ತಮಟೆಯನ್ನು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿ ಮಾಡಬೇಕು. ಬೆಂಕಿಯ ಕೆಲಸ ಅವಳದಲ್ಲ, ಅಪ್ಪನದು. ಪ್ರತಿ ಸಂಜೆ ಬಾರಿಸಬೇಕೆಂದರೆ ಅಪ್ಪ ಬಂದು ಅವಳ ಜೊತೆ ಅಂಗಳದಲ್ಲಿ ಕುಳಿತು ಅದನ್ನು ಕಾಯಿಸಿಕೊಡಲೇಬೇಕು. ತಮ್ಮನಿಗೆ ಇನ್ನೂ ಹೇಳಿಲ್ಲ. ಇನ್ನೊಂದು ಭಾನುವಾರ ನೋಡುವುದು ಬಾಕಿ ಇದೆ.