ಬಾಣ ಮೇಲೇರುತ್ತಿದ್ದುದು ರೆಸ್ಟ್‌ನಿಂದಲ್ಲ

ಸೈಟ್ (ಗುರಿ ನೋಡುವ ಸಾಧನ) ಇಲ್ಲದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಿಂದ 18 ಮೀಟರ್ ದೂರಕ್ಕೆ ಅಭ್ಯಾಸ ಮಾಡುತ್ತಿದ್ದಾಗ ನನ್ನ ಮೊದಲ ಮೂರು ನಾಲ್ಕು ಬಾಣಗಳು ನಡುವಿಗೇ ನಾಟುತ್ತಿದ್ದವು. ಆಮೇಲಿನವು ಗೇಣುದ್ದ ಮೇಲೆ ಹೋಗುತ್ತಿದ್ದವು. ತಪ್ಪು ಬಾಣ ಕೂರುವ ಆಸರೆಯಾದ ರೆಸ್ಟ್‌ನದೇ ಎಂದುಕೊಂಡು, ಹಿಡಿಯ ಮೇಲ್ಗಡೆ ಬಿಲ್ಲಿನಲ್ಲೇ ಕೊರೆದಿರುವ ಅಂಚಾದ ಶೆಲ್ಫ್ ಮೇಲೆ ಅಂಟಿಸಿದ್ದ ತೊಗಲಿನ ಪಟ್ಟಿಯನ್ನು ಕಿತ್ತು ತೆಳುವಾದದ್ದನ್ನು ಹಾಕಿದೆ. ಒಂದು ದಿನ ಸರಿಹೋದಂತೆ ಕಂಡಿತು, ಮರುದಿನ ಮತ್ತೆ ಅದೇ ಕಥೆ. ತೋಳು ದಣಿದಂತೆಲ್ಲ ಹೆಚ್ಚುವ ದೋಷ ಅಲುಗಾಡದ ರೆಸ್ಟ್‌ನದಾಗಿರಲಾರದು ಎಂಬುದು ಆಗಲೇ ಹೊಳೆಯಬೇಕಿತ್ತು.

ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಬಿಲ್ಲು ಹಿಡಿದೆ. ಮೂರು ಬಾಣಗಳ ನಂತರ ಹಿಡಿಯ ಕಪ್ಪು ತೊಗಲಿನ ಮೇಲೆ ಹೆಬ್ಬೆರಳ ಬುಡದಷ್ಟೇ ಅಗಲದ ಬಿಳಿ ಗುರುತಿತ್ತು. ಹನ್ನೆರಡನೆಯ ಬಾಣದ ಹೊತ್ತಿಗೆ ಅದು ಅಂಗೈಯ ಬುಡದವರೆಗೂ ಇಳಿದಿತ್ತು. ಒತ್ತಡ ಹಿಡಿಯ ಕೆಳಭಾಗಕ್ಕೆ ಜಾರಿದಾಗ ಬಿಲ್ಲಿನ ಮೇಲಿನ ಮತ್ತು ಕೆಳಗಿನ ತೋಳುಗಳ ಸಮತೋಲ ಬದಲಾಗಿ ಬಾಣ ಮೇಲಕ್ಕೆ ಚಿಮ್ಮುತ್ತದೆ. ಇದರ ಜೊತೆಗೆ ಮುಷ್ಟಿ ಬಿಗಿದಾಗಲೆಲ್ಲ ಬಿಲ್ಲು ತಿರುಚಿಕೊಂಡು ಬಾಣ ಎಡಕ್ಕೂ ಸರಿಯುತ್ತಿತ್ತು. ಗೆಣ್ಣುಗಳು ಓರೆಯಾಗಿ ನಿಲ್ಲುವಂತೆ ಕೈ ತಿರುಗಿಸಿ, ಬೆರಳುಗಳನ್ನು ಸಡಿಲಬಿಟ್ಟು, ಭಾರವೆಲ್ಲ ಹೆಬ್ಬೆರಳ ಬುಡದ ಮೇಲೇ ಬೀಳುವಂತೆ ರೂಢಿಸಿಕೊಳ್ಳಲು ನನಗೆ ಆರು ವಾರ ಹಿಡಿಯಿತು.

ರೆಸ್ಟ್ ಮತ್ತೆ ಮುಟ್ಟಿದ್ದು ಅದಾದ ಮೇಲೆಯೇ. ತೊಗಲಿನ ಕೆಳಗೆ, ಹಿಡಿಯ ಅತ್ಯಂತ ಆಳದ ಜಾಗಕ್ಕೆ ನೇರವಾಗಿ, ಒಂದು ಬೆಂಕಿಕಡ್ಡಿ ಇಟ್ಟು ಸುಮಾರು 2 ಮಿಲಿಮೀಟರ್ ಉಬ್ಬು ಮಾಡಿದೆ. ಬಾಣ ಇಡೀ ಶೆಲ್ಫ್‌ಗೆ ಉಜ್ಜದೆ ಆ ಒಂದು ಏರಿನ ಮೇಲೆ ಮಾತ್ರ ಕೂರಬೇಕೆಂಬುದು ನನ್ನ ಉದ್ದೇಶವಾಗಿತ್ತು. ಆದರೆ ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗ ತೋರುವ ನಾಕ್ ಗುರುತನ್ನು ಇದ್ದಲ್ಲೇ ಬಿಟ್ಟಿದ್ದರಿಂದ ಬಾಣದ ಹಿಂತುದಿ ತಗ್ಗಿ, ಪರೀಕ್ಷೆಗೆಂದು ಬಿಟ್ಟ ಗರಿಯಿಲ್ಲದ ಬಾಣ ಗರಿಯುಳ್ಳದ್ದಕ್ಕಿಂತ ಮೇಲೆ ನಾಟಿತು. ಗುರುತನ್ನೂ ಅಷ್ಟೇ ಏರಿಸಿದಾಗ ಎರಡೂ ಒಂದೇ ಎತ್ತರಕ್ಕೆ ಬಂದವು. ರೆಸ್ಟ್ ಏರಿಸಿದರೆ ಬಾಣ ಕಣ್ಣಿಗೆ ಹತ್ತಿರವಾಗಿ ಗುರಿ ಸುಲಭವಾಗುತ್ತದೆ ಎಂದು ನಾನೂ ನಂಬಿದ್ದೆ. ವಾಸ್ತವವಾಗಿ ಕಣ್ಣಿಗೂ ಬಾಣದ ಹಿಂತುದಿಗೂ ಇರುವ ಅಂತರವನ್ನು ನಿರ್ಧರಿಸುವುದು ಹೆದೆ ಎಳೆದಾಗ ತುಟಿಯಂಚಿಗೆ ತಾಗುವ ಬೆರಳೇ ಹೊರತು ರೆಸ್ಟ್ ಅಲ್ಲ. ರೆಸ್ಟ್ ಏರಿದಾಗ ಬದಲಾಗುವುದು ಬಾಣಕ್ಕೂ ಹಿಡಿದ ಕೈಗೂ ನಡುವಿನ ದೂರ. ಕೈಯನ್ನೇ ಗುರಿಯತ್ತ ಚಾಚುವ ಅಭ್ಯಾಸವಿರುವ ನನ್ನಂಥವರಿಗೆ ಅದು ಕೆಲವು ದಿನ ಗೊಂದಲ ತರುತ್ತದೆ.

ಅಂಗೈಯ ಬುಡ ಹಿಡಿಗೆ ತಾಗಿದರೆ ಯಾವಾಗಲೂ ತಪ್ಪೇ ಎಂದು ಇದರರ್ಥವಲ್ಲ. ನೇರ ಹಿಡಿಯ ಉದ್ದಬಿಲ್ಲಿನಲ್ಲಿ ನಾನೂ ಹಾಗೆಯೇ ಹಿಡಿಯುತ್ತೇನೆ, ಮೊದಲ ಬಾಣದಿಂದಲೇ ಹಾಗೆ ಹಿಡಿಯುತ್ತೇನೆ, ಮತ್ತು ಅದರ ನಾಕ್ ಗುರುತನ್ನು ಆ ಹಿಡಿತಕ್ಕೇ ಹೊಂದಿಸಿದ್ದೇನೆ.