ಜಾಕ್ ರಾಡ್‌ಗೆ ಗ್ರೀಸ್ ನಿಲ್ಲಿಸಿದ ಮೇಲೆ

ಕ್ಯಾಂಪರ್ ವ್ಯಾನ್ ಇಟ್ಟುಕೊಂಡವರಿಗೆ ಲೆವೆಲಿಂಗ್ ಜಾಕ್ (ನಿಂತ ಗಾಡಿಯನ್ನು ಸಮಮಟ್ಟಕ್ಕೆ ತರಲು ಆಯಿಲ್ ಒತ್ತಡದಿಂದ ಇಳಿಯುವ ಕಾಲು) ವಿಷಯದಲ್ಲಿ ಹೆಚ್ಚಾಗಿ ಸಿಗುವ ಸಲಹೆ ಒಂದೇ: ಅದರ ರಾಡ್‌ಗೆ ಚೆನ್ನಾಗಿ ಗ್ರೀಸ್ ಮೆತ್ತಿ. ನಾನು ಅದನ್ನು ಪೂರ್ತಿ ನಿಲ್ಲಿಸಿದೆ. ಕಲಾಸಿಪಾಳ್ಯದ ಮೇಸ್ತ್ರಿ "ಗ್ರೀಸ್ ಇಲ್ಲದೆ ಕಬ್ಬಿಣ ಆಡುತ್ತಾ ಸಾರ್?" ಅಂದರು. ಮಳೆಗಾಲ ಮುಗಿದಿದೆ, ನಾಲ್ಕೂ ಜಾಕ್ ಸಲೀಸಾಗಿ ಮೇಲೆ ಹೋಗುತ್ತಿವೆ. ಮೇಸ್ತ್ರಿಯೇ ಬಂದು ನೋಡಿ ಹೋದರು.

ಗ್ರೀಸ್ ಇದ್ದಾಗ ಏನಾಗುತ್ತಿತ್ತು ಗೊತ್ತಾ? ಹೊಸಕೋಟೆ ರಸ್ತೆಯ ಧೂಳು, ಸಕಲೇಶಪುರದ ಕೆಸರು ಎಲ್ಲಾ ರಾಡ್‌ಗೆ ಅಂಟುತ್ತಿತ್ತು. ರಾಡ್ ಒಳಗೆ ಹೋಗುವಾಗ ಅದೇ ಎಮರಿ ಪೇಪರ್ ಹಾಗೆ ವೈಪರ್ ಸೀಲನ್ನು (ರಾಡ್‌ನ ಧೂಳು ಒರೆಸುವ ಹೊರಗಿನ ರಬ್ಬರ್ ಉಂಗುರ) ಉಜ್ಜುತ್ತಿತ್ತು. ಮೊದಲು ವೈಪರ್ ಹೋಯಿತು, ಆಮೇಲೆ ಒಳಗಿನ ಸೀಲ್, ಆಮೇಲೆ ಆಯಿಲ್ ನೆಲದ ಮೇಲೆ. ಪೀಣ್ಯದಲ್ಲಿ ಸೀಲ್ ಬದಲಿಸೋಕೆ ಜಾಕ್ ಒಂದಕ್ಕೆ ಎರಡೂವರೆ ಸಾವಿರದ ಹತ್ತಿರ ಆಯಿತು. ಒಂದು ರಾಡ್‌ನ ಕ್ರೋಮ್ ಬೇರೆ ಕಿತ್ತಿತ್ತು. ಅದಕ್ಕೆ ಹಾರ್ಡ್ ಕ್ರೋಮ್, ಗ್ರೈಂಡಿಂಗ್ ಸೇರಿ ಆರೇಳು ಸಾವಿರ. ಹೊಟ್ಟೆ ಉರಿಯಿತು.

ಈಗ ಬನಿಯನ್ ವೇಸ್ಟ್‌ಗೆ ನಾಲ್ಕು ಹನಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಹಾಕಿ ರಾಡ್ ಒರೆಸುತ್ತೇನೆ. ಜಾಕ್‌ಗಳ ಪಂಪ್ ಒಳಗೆ ಓಡುವುದೂ ಅದೇ ಆಯಿಲ್, ಆದ್ದರಿಂದ ಸೀಲ್‌ಗೆ ತೊಂದರೆ ಇಲ್ಲ. ಒಣ ಬಟ್ಟೆಯಿಂದ ಮತ್ತೆ ಒರೆಸಿ, ಅಂಟು ಉಳಿಸದ ಡ್ರೈ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆಯುತ್ತೇನೆ. ಎರಡು ಮೂರು ಸಲ ಇಳಿಸಿ ಏರಿಸಿದರೆ ರಾಡ್ ಮೇಲೆ ಕಪ್ಪು ಉಂಗುರ ಬರುತ್ತದೆ. ಅದನ್ನು ಒರೆಸಲೇಬೇಕು. ಡಬ್ಲ್ಯೂಡಿ-40 ಮಣ್ಣು ಬಿಡಿಸೋಕೆ ಸರಿ, ಆದರೆ ಬಾಳಿಕೆ ಇಲ್ಲ. ಇದೆಲ್ಲ ಪಕ್ಕದಲ್ಲಿ ಕೂತು ಮಾಡುವ ಕೆಲಸ. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ. ಸಣ್ಣ ತುಕ್ಕಿನ ಚುಕ್ಕೆಗೆ ನನ್ನದೊಂದು ಪೇಸ್ಟ್ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಷ್ಟಪಟ್ಟು ಕಂಡುಕೊಂಡದ್ದು.

ಸೈಕಲ್ ಟ್ಯೂಬ್ ಕತ್ತರಿಸಿ ರಾಡ್‌ಗೆ ಕವರ್ ತರ ಹಾಕಿಯೂ ನೋಡಿದೆ. ಧೂಳು ನಿಂತಿತು. ಆದರೆ ಗೋಕರ್ಣಕ್ಕೆ ಹೋಗಿ ಬಂದ ಮೇಲೆ ಬಿಚ್ಚಿದರೆ ಒಳಗೆ ಉಪ್ಪುನೀರು, ಕ್ರೋಮ್ ಮೇಲೆ ಚುಕ್ಕೆ. ಈಗ ಕರಾವಳಿಯಿಂದ ಬಂದ ದಿನವೇ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಸ್ಪ್ರೇ ಹೊಡೆಯುತ್ತೇನೆ.

ಆಯಿಲ್ ಮಟ್ಟ ನೋಡುವುದು ನಾಲ್ಕೂ ಜಾಕ್ ಮೇಲಿದ್ದಾಗ ಮಾತ್ರ. ಇಳಿಸಿದಾಗ ಟ್ಯಾಂಕ್ ತುಂಬಿಸಿದರೆ, ಏರಿಸುವಾಗ ಆಯಿಲ್ ಹಿಂದೆ ಬಂದು ಉಕ್ಕುತ್ತದೆ. ಮುಚ್ಚಳದ ಸುತ್ತ ಮೊದಲು ಒರೆಸಿ. ನನ್ನ ಗಾಡಿಗೆ ಹಾಕುವ ಎಟಿಎಫ್ ಡೆಕ್ಸ್ರಾನ್ 3. ಜೆ.ಸಿ. ರಸ್ತೆಯಲ್ಲಿ ಲೀಟರ್‌ಗೆ ನಾನೂರೈವತ್ತರ ಆಸುಪಾಸು ಕೊಟ್ಟ ನೆನಪು. ಒಬ್ಬ ಮೆಕ್ಯಾನಿಕ್ ಬ್ರೇಕ್ ಆಯಿಲ್ ಸುರಿಯೋಕೆ ಬಂದಿದ್ದ, ಕೈ ಹಿಡಿದು ನಿಲ್ಲಿಸಿದೆ. ನೈಟ್ರೈಲ್ ರಬ್ಬರ್ ಸೀಲ್ ಅದರಲ್ಲಿ ಉಬ್ಬಿ ಹಾಳಾಗುತ್ತೆ ಅಲ್ವಾ?

ನಾಲ್ಕೂ ಜಾಕ್ ಒಟ್ಟಿಗೆ ನಿಧಾನವಾದರೆ ಆಯಿಲ್‌ಗೆ ಹೋಗುವ ಮೊದಲು ಬ್ಯಾಟರಿ, ಪಂಪ್‌ನ ಅರ್ತ್ ವೈರ್ ನೋಡಿ. ನನಗೆ ಅರ್ತ್ ಬೋಲ್ಟ್ ಉಜ್ಜಿದ್ದರಲ್ಲೇ ವಾಸಿಯಾಯಿತು, ಖರ್ಚು ಸೊನ್ನೆ. ಒಂದೇ ಜಾಕ್ ಮೇಲೆ ಹೋಗಲು ತಡವರಿಸಿದರೆ ಅದನ್ನು ಮೇಲೆಳೆಯುವ ಸ್ಪ್ರಿಂಗ್, ವಾಲ್ವ್ ನೋಡಬೇಕು. ಸ್ಪ್ರಿಂಗ್ ತುಕ್ಕಿಗೆ ಸದ್ಯ ಎರಡು ಜಾಕ್‌ನ ಸ್ಪ್ರಿಂಗ್‌ಗೆ ಲಾನೋಲಿನ್ (ಕುರಿ ಉಣ್ಣೆಯ ಮೇಣ) ಹಚ್ಚಿ, ಹೋಲಿಸಿ ನೋಡೋಕೆ ಉಳಿದೆರಡನ್ನು ಹಾಗೇ ಬಿಟ್ಟಿದ್ದೇನೆ.