ಜಾರ್ಜಿಯಾದ ಯೋಜನೆಯನ್ನು ಉಕ್ರೇನ್‌ಗೆ ಒಗ್ಗಿಸುವಾಗ

ಸ್ವಂತ ದೇಶದೊಳಗೇ ನೆಲೆ ತಪ್ಪಿದವರ ಯೋಜನೆಯೊಂದನ್ನು ಬೇರೆ ದೇಶಕ್ಕೆ ಒಯ್ಯುವಾಗ ನಾನು ಮೊದಲು ಹಿಡಿಯುವುದು ಸ್ಥಳಾಂತರಿತರೆಂದು ಸರ್ಕಾರ ಬರೆದುಕೊಡುವ ನೋಂದಣಿ ಪತ್ರವನ್ನು. ಅದಿಲ್ಲದಿದ್ದರೆ ಏನೇನು ನಿಂತುಹೋಗುತ್ತದೆ ಎಂದು ಪಟ್ಟಿ ಮಾಡಬೇಕು: ಪಿಂಚಣಿ, ಬ್ಯಾಂಕ್ ಖಾತೆ, ಚಿಕಿತ್ಸೆ, ಬಾಡಿಗೆ ನೆರವು.

ಉಕ್ರೇನ್‌ನಲ್ಲಿ 2014ರ ನಂತರ ಪಿಂಚಣಿ ಈ ಪತ್ರಕ್ಕೆ ಗಂಟುಬಿತ್ತು. ಸಂಘರ್ಷ ರೇಖೆಯಾಚೆ, ಅಂದರೆ ಸರ್ಕಾರದ ಹಿಡಿತ ತಪ್ಪಿದ ಪೂರ್ವ ಭಾಗದಲ್ಲಿ, ತಮ್ಮ ಮನೆಯಲ್ಲೇ ಉಳಿದ ವೃದ್ಧರೂ ಈಚೆ ಬಂದು ಸ್ಥಳಾಂತರಿತರೆಂದು ಹೆಸರು ಬರೆಸಬೇಕಾಯಿತು. 60 ದಿನ ಮೀರಿ ಆಚೆ ಉಳಿದರೆ ಹಣಕ್ಕೆ ಕುತ್ತು ಬರುತ್ತಿತ್ತು. ಹೀಗೆ ಉಬ್ಬಿದ ಸಂಖ್ಯೆ ಹಿಡಿದು ವಸತಿಗೆ ಅಂದಾಜು ಹಾಕಿದರೆ ಲೆಕ್ಕ ತಪ್ಪದೇ ಇರುತ್ತದೆಯೇ? ನೋಂದಣಿಯ ಅಂಕಿಯನ್ನು ಮನೆಮನೆ ಸಮೀಕ್ಷೆಯೊಂದಿಗೆ ತಾಳೆ ನೋಡದೆ ನಾನು ಬಜೆಟ್‌ಗೆ ಕೈಹಾಕುವುದಿಲ್ಲ.

ವಸತಿಯ ವಿಷಯದಲ್ಲಿ ಎರಡೂ ದೇಶಗಳ ನೆಲವೇ ಬೇರೆ. ಜಾರ್ಜಿಯಾದಲ್ಲಿ 1990ರ ದಶಕದಲ್ಲಿ ಯುದ್ಧದಿಂದ ಕೈತಪ್ಪಿದ ಅಬ್‌ಖಾಜಿಯಾ ಪ್ರಾಂತ್ಯದಿಂದ ಬಂದವರಲ್ಲಿ ಅನೇಕರು ಹೋಟೆಲು, ಹಾಸ್ಟೆಲು, ಆರೋಗ್ಯಧಾಮಗಳಲ್ಲಿ ಗುಂಪಾಗಿ ನೆಲೆಸಿದರು; ಅಂಥ ಕೋಣೆಗಳನ್ನು ಮುಂದೆ ಅವರ ಹೆಸರಿಗೇ ಬರೆದುಕೊಡಲಾಯಿತು. ರಷ್ಯಾದೊಂದಿಗಿನ 2008ರ ಯುದ್ಧದ ನಂತರ ರಾಜಧಾನಿ ತ್ಬಿಲಿಸಿಯ ಬಳಿಯ ತ್ಸೆರೊವಾನಿಯಲ್ಲಿ ಸಣ್ಣ ಮನೆಗಳ ಊರೇ ಎದ್ದಿತು. ಉಕ್ರೇನ್‌ನಲ್ಲಿ ಹೆಚ್ಚಿನವರು ಬಾಡಿಗೆ ಮನೆ ಅಥವಾ ನೆಂಟರ ಮನೆ ಸೇರಿದ್ದರಿಂದ ಹಕ್ಕುಪತ್ರದ ದಾರಿ ಕೆಲವರಿಗಷ್ಟೇ ಸಲ್ಲುತ್ತದೆ. ಆ ಕೆಲವರಿಗೂ ಕೋಣೆ ಕೊಡುವ ಮುನ್ನ ಚಾವಣಿ, ಚರಂಡಿ, ಮೆಟ್ಟಿಲುಗಳ ದುರಸ್ತಿ ಯಾರ ಪಾಲು ಎಂದು ಬರೆದಿಡಬೇಕು. ಇಲ್ಲವಾದರೆ ಮೇಲಿನ ಮಹಡಿಯ ಸೋರಿಕೆ ಕೆಳಗಿನವರ ತಲೆನೋವಾಗುತ್ತದೆ.

ಸ್ಥಳಾಂತರಿತರಿಗೆ ಜಾರ್ಜಿಯಾ ಕೊಡುವ ಮಾಸಿಕ ಭತ್ಯೆಯನ್ನು ವಿನಿಮಯ ದರದಲ್ಲಿ ಗುಣಿಸಿ ತರುವುದು ಸೋಮಾರಿಗಳ ಲೆಕ್ಕ. ಬಾಡಿಗೆ, ಚಳಿಗಾಲದ ಬಿಸಿ, ಔಷಧ, ಆಹಾರ, ಪ್ರಯಾಣದ ಖರ್ಚನ್ನು ಆಯಾ ಪ್ರದೇಶದ ದರದಲ್ಲಿ ಕೂಡಿ, ಮನೆಯ ಆದಾಯವನ್ನೂ ಬರುತ್ತಿರುವ ಇತರ ನೆರವನ್ನೂ ಕಳೆಯಬೇಕು. ಉಳಿದ ಕೊರತೆಯೇ ಮೊತ್ತ. 2022ರಲ್ಲಿ ಉಕ್ರೇನ್ ಸರ್ಕಾರ ತಿಂಗಳಿಗೆ ವಯಸ್ಕರಿಗೆ 2000 ಹ್ರಿವ್ನಿಯಾ (ಅಲ್ಲಿನ ನಾಣ್ಯ), ಮಕ್ಕಳಿಗೂ ಅಂಗವಿಕಲರಿಗೂ 3000 ನಿಗದಿ ಮಾಡಿತು. ತಲೆ ಎಣಿಸಿ ಕೊಡುವ ಈ ಕ್ರಮ ಸರಳವೇನೋ ಹೌದು, ಆದರೆ ಬಾಡಿಗೆ ಬರುವುದು ಮನೆಗೆ, ತಲೆಗಲ್ಲ. ಇಬ್ಬರು ಮಕ್ಕಳ ತಾಯಿಗೆ ಒಟ್ಟು 8000 ಸಿಕ್ಕರೆ, ಅಂಥದೇ ಒಂದು ಕೋಣೆಯ ಮನೆಯಲ್ಲಿರುವ ಒಂಟಿ ವೃದ್ಧೆಗೆ 2000. ಆದ್ದರಿಂದ ಬಾಡಿಗೆಯನ್ನು ಕುಟುಂಬಕ್ಕೊಂದರಂತೆ ಬೇರ್ಪಡಿಸಿ, ಉಳಿದದ್ದನ್ನು ಮಾತ್ರ ತಲೆಲೆಕ್ಕದಲ್ಲಿ ಹಂಚುವುದು ವಾಸಿ.

ಜಾರ್ಜಿಯಾದಲ್ಲಿ ಸ್ಥಳಾಂತರಿತರೆಂಬ ಸ್ಥಾನಮಾನ ಮಕ್ಕಳಿಗೂ ಇಳಿದುಬರುತ್ತದೆ. ಮನೆ, ಆಸ್ತಿಯ ಹಕ್ಕು ಉಳಿಸಿಕೊಳ್ಳಲು ಅದು ಬೇಕು. ಆದರೆ ಮಾಸಿಕ ಹಣವನ್ನೂ ಅದಕ್ಕೇ ಕಟ್ಟಿಹಾಕಿದರೆ ಕಷ್ಟದಲ್ಲಿರುವವರ ಪಾಲು ತೆಳುವಾಗುತ್ತದೆ. ನಿಯಮದ ಕರಡಿನಲ್ಲಿ ಸ್ಥಾನಮಾನಕ್ಕೊಂದು, ಭತ್ಯೆಗೊಂದು ಎಂದು ಎರಡು ಪ್ರತ್ಯೇಕ ಅಧ್ಯಾಯ ಇಡುತ್ತೇನೆ. ಭತ್ಯೆ ನಿಂತರೂ ಪತ್ರ ರದ್ದಾಗದು ಎಂಬ ಸಾಲು ಎರಡರಲ್ಲೂ ಇರಬೇಕು.